ಗುಡಿಸದ ವ್ಯಾಗನ್

ಕಾಲ ಬದಲಾಯಿತು, ಅದಕ್ಕೇ ಸರಕೆಲ್ಲ ರೈಲು ಬಿಟ್ಟು ಲಾರಿ ಹತ್ತಿತು ಎಂದು ಹೊಸೂರಿನಲ್ಲಿ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಕಾಲಕ್ಕೇನು ಕೈಕಾಲಿದೆಯೇ? ಹತ್ತಿಸಿದ್ದು ಮನುಷ್ಯರು. ಅವರಲ್ಲಿ ನಾನೂ ಒಬ್ಬ. ಕಾಲ ಬದಲಾಯಿತು ಎಂಬ ಅದೇ ಮಾತನ್ನು ಆಡಿಕೊಂಡು ಅರ್ಧ ಆಯುಷ್ಯ ತಪ್ಪಿಸಿಕೊಂಡು ಓಡಾಡಿದೆ.

ಹುಣಸೆಹಣ್ಣಿನ ಮಂಡಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಅಂಚೆಟ್ಟಿ ಕಡೆಯ ಹಣ್ಣು ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ ಮಂಡಿಗೆ ಬರುತ್ತಿತ್ತು. ಇಲ್ಲಿಂದ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ, ಅಲ್ಲಿಂದ ವ್ಯಾಗನ್ನಿನಲ್ಲಿ ದೂರದ ಊರುಗಳಿಗೆ. ಶೆಡ್ಡಿನ ಹಮಾಲಿಗಳದ್ದು ಒಂದು ಕಟ್ಟುಪಾಡು. ತಿನ್ನುವ ಪದಾರ್ಥ ಹೇರುವ ಮೊದಲು ವ್ಯಾಗನ್ ಗುಡಿಸಿ, ಒದ್ದೆ ಗೋಣಿಯಲ್ಲಿ ಒರೆಸಿ, ಆರಿದ ಮೇಲೆ ಹುಲ್ಲು ಹಾಸಬೇಕು. ಹಮಾಲಿಗಳ ಮೇಸ್ತ್ರಿ ಮೂಕಂಡಪಲ್ಲಿಯವರು, ನನಗಿಂತ ಹಿರಿಯರು. ಅವರನ್ನು ಅಣ್ಣ ಎನ್ನುತ್ತಿದ್ದೆ. ಗುಡಿಸುವ ಕೆಲಸ ಅವರ ತಮ್ಮನದು.

ಆಗ ಊರಲ್ಲಿ ಲಾರಿ ಬುಕಿಂಗ್ ಆಫೀಸೊಂದು ಶುರುವಾಗಿತ್ತು. ಮಂಡಿಯ ಸರಕನ್ನು ಲಾರಿಗೆ ತಿರುಗಿಸಿದರೆ ತನ್ನ ಆಫೀಸಿನಲ್ಲಿ ನನಗೊಂದು ಕುರ್ಚಿ ಹಾಕಿಕೊಡುತ್ತೇನೆ ಎಂದು ಅದರ ಯಜಮಾನ ಆಸೆ ತೋರಿಸಿದ. ಮಂಡಿಯ ಸಾಹುಕಾರರು ಮಾತ್ರ ರೈಲು ಬಿಡಲು ಒಪ್ಪಲಿಲ್ಲ. ಒಂದು ಮಧ್ಯಾಹ್ನ ಗೊಬ್ಬರ ಇಳಿಸಿದ ವ್ಯಾಗನ್ ನಮ್ಮ ಪಾಲಿಗೆ ಬಂತು. ಪೊರಕೆ ಹಿಡಿದು ಬಂದ ಮೇಸ್ತ್ರಿಯ ತಮ್ಮನಿಗೆ, "ಇದು ಆಗ್ಲೇ ಗುಡಿಸಾಯ್ತು, ಹುಲ್ಲೂ ಹಾಸಾಯ್ತು. ನೀನು ಉಣ್ಣೋಗಲಾ," ಎಂದೆ. ಗೊಬ್ಬರದ ಪುಡಿಯ ಮೇಲೇ ಹುಲ್ಲು ಹಾಸಿದವನು ನಾನು. ಹಮಾಲಿಗಳು ಹುಲ್ಲು ನೋಡಿ ನಂಬಿ ಹೇರಿದರು.

ಗೊಬ್ಬರ ತಾಗಿ ಹಣ್ಣು ಕೆಟ್ಟು ವಾಪಸ್ ಬಂತು. ಗುಡಿಸಲು ಹೇಳಿದ್ದೆ, ಹುಡುಗ ಕೇಳಲಿಲ್ಲ ಎಂದುಬಿಟ್ಟೆ. ಅವನು ಅತ್ತು ನಿಜ ಹೇಳಿದ. ಹತ್ತನೇ ಕ್ಲಾಸು ಓದಿದವನ ಮಾತಿನ ಮುಂದೆ ಪೊರಕೆ ಹಿಡಿದವನ ಮಾತು ಯಾರಿಗೆ ಬೇಕು? ಅಣ್ಣ ಎಲ್ಲರೆದುರು ಅವನ ಕೆನ್ನೆಗೆ ಹೊಡೆದು ಗುಂಪಿನಿಂದ ಹೊರಗೆ ಹಾಕಿದರು. ಅವನು ಅಂಚೆಟ್ಟಿಯ ಹೆಂಡತಿ ಮನೆಗೆ ಹೋದವನು ಅಣ್ಣನ ಜೊತೆ ಮತ್ತೆ ಮಾತಾಡಲಿಲ್ಲ. ನಮ್ಮ ಸಾಹುಕಾರರು ಲಾರಿಗೆ ಹೋದರು, ಅವರ ಹಿಂದೆಯೇ ಉಳಿದ ಮಂಡಿಗಳವರೂ ಹೋದರು. ಹಮಾಲಿಗಳು ದಿಕ್ಕಾಪಾಲಾದರು. ನನಗೆ ಕುರ್ಚಿ ಸಿಕ್ಕಿತು.

ಹೋದ ತಿಂಗಳು ಆಲಸನತ್ತಂನ ಟೀ ಅಂಗಡಿಯಲ್ಲಿ ಅಣ್ಣ ಸಿಕ್ಕಿದರು. ಫ್ಯಾಕ್ಟರಿಯವನೊಬ್ಬ, ಈಗ ದೊಡ್ಡ ಕಂಪನಿಗಳು ಮತ್ತೆ ರೈಲಿನಲ್ಲೇ ಮಾಲು ಕಳಿಸ್ತಾವಂತೆ ಎಂದ.

"ನಮ್ಮೂರಲ್ಲಿ ಅದ್ನ ಕೆಡಿಸಿದ್ದು ನನ್ ತಮ್ಮ ಕಣಪ್ಪ," ಎಂದರು ಅಣ್ಣ. "ಸೋಂಬೇರಿ. ಒಂದು ವ್ಯಾಗನ್ ಗುಡಿಸ್ಲಾರ್ದೆ ಅಷ್ಟು ಜನದ ಅನ್ನ ಕಳೆದ್ಬುಟ್ಟ."

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇಷ್ಟು ವರ್ಷ ಎದುರಿಗೇ ಓಡಾಡ್ದಲ್ಲೋ! ನನ್ ಮಗಳ ಮದ್ವೇಲಿ ಕೂತು ಹೋಳಿಗೆ ತಿಂದಲ್ಲೋ! ಏಳ್ಲಾ, ಅವನ ಮುಂದೆ ಹೇಳುವಂತೆ ನಡಿ."

ಅಂಚೆಟ್ಟಿ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ. ಇಳಿದು ಬಹಳ ದೂರ ನಡೆದೆವು. ಅಂಗಳದಲ್ಲಿ ಅಣ್ಣನ ತಮ್ಮ ಹುರುಳಿ ಕೇರುತ್ತಿದ್ದ, ತಲೆ ಪೂರ್ತಿ ನೆರೆತಿತ್ತು. ನಾನು ನಿಂತೇ ಹೇಳಿ ಮುಗಿಸಿದೆ. ಅವನು ಮೊರ ಬದಿಗಿಟ್ಟ. ನನ್ನ ಕಡೆ ತಿರುಗಲೂ ಇಲ್ಲ.

"ಇವ್ನು ಸುಳ್ಳು ಹೇಳ್ದ, ಸರಿ. ನೀನ್ಯಾಕಣ್ಣ ನಂಬ್ದೆ?"

"ನಾನೇ ನಂಬಿಸಿದ್ದು," ಎಂದು ನಡುವೆ ಬಾಯಿ ಹಾಕಿದೆ.

"ನಿನ್ನ ಕೇಳ್ಲಿಲ್ಲ, ಸುಮ್ಕಿರಲಾ," ಎಂದ ಅವನು, ಅಣ್ಣನ ಮುಖವನ್ನೇ ನೋಡುತ್ತ.