ನೀಲಿ ಕಾರಿನ ತುಕ್ಕು

ಕಾರ್ಖಾನೆಯಲ್ಲಿ ನನ್ನ ಕೆಲಸ ತುಕ್ಕು ಹುಡುಕುವುದು. ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ, ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು ನಾನು. ಟ್ಯೂಬ್‌ಲೈಟಿನ ಕೆಳಗೆ ಒಂದೊಂದು ತುಂಡನ್ನೂ ತಿರುಗಿಸಿ ನೋಡಿ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಕಂಡರೂ ಪಕ್ಕದ ಡಬ್ಬಕ್ಕೆ ಎಸೆಯುತ್ತೇನೆ. ಅದಕ್ಕೇ, ಸಂಜೆ ಹೊತ್ತು ನಾನು ತುಕ್ಕು ಕಾಪಾಡುವ ಕೆಲಸಕ್ಕೆ ಇಳಿದಾಗ ಜೊತೆಯವರು ನಕ್ಕರು. ಇವನಿಗೆ ತಲೆ ಕೆಟ್ಟಿದೆ ಎಂದು ಒಬ್ಬಿಬ್ಬರು ನನ್ನೆದುರೇ ಅಂದರು. ನನಗೆ ಸಿಟ್ಟು ಬೇಗ ಬರುತ್ತದೆ, ಅವತ್ತೂ ಬಂತು.

ಕಾರು ನನ್ನ ಸೋದರಮಾವನದು. ಐವತ್ತರ ದಶಕದ, ಗುಂಡು ಮೂತಿಯ ಅಮೆರಿಕನ್ ಗಾಡಿ. ಯಾವುದೋ ಸಾಹುಕಾರರ ಮನೆಯಿಂದ ಹೊರಟು ಕೈ ಬದಲಾಗುತ್ತ ಗುಬ್ಬಿಗೆ ಬಂದಿತ್ತು. ಮಾವ ಅದನ್ನು ಮದುವೆ ಬಾಡಿಗೆಗೆ ಓಡಿಸುತ್ತಿದ್ದರು. ಬೆಳ್ಳಾವಿಯಿಂದ ಕುಣಿಗಲ್‌ವರೆಗೂ ಹೆಣ್ಣು ಗಂಡಿನ ಮೆರವಣಿಗೆಗೆ ಆ ನೀಲಿ ಕಾರೇ ಆಗಬೇಕು ಎಂದು, ಛತ್ರ ಗೊತ್ತು ಮಾಡುವ ಮೊದಲೇ ಬಂದು ಹೇಳಿ ಹೋಗುತ್ತಿದ್ದರು. ಹೊಳಪೇ ಅದರ ಬಂಡವಾಳ. ದಿನಾ ಬೆಳಿಗ್ಗೆ ಮಾವ ಬನಿಯನ್ನಿನಲ್ಲಿ ನಿಂತು ಹಳೆಯ ಪಂಚೆಯ ತುಂಡಿನಿಂದ ಅದನ್ನು ಒರೆಸುತ್ತಿದ್ದರು. ನಾವು ಮಕ್ಕಳು ಬಾನೆಟ್ಟಿಗೆ ಕೈ ತಾಗಿಸಿದರೆ ಗದರುತ್ತಿದ್ದರು. ಹೊಡೆದದ್ದಿಲ್ಲ, ಆ ಗದರಿಕೆಗೇ ನಾವು ಓಡಿಹೋಗುತ್ತಿದ್ದೆವು. ಹೂವಿನ ಅಲಂಕಾರದವರಿಗೂ ಕಟ್ಟುನಿಟ್ಟು: ಬಣ್ಣಕ್ಕೆ ಟೇಪು ಅಂಟಿಸಬಾರದು, ದಾರದಲ್ಲೇ ಕಟ್ಟಬೇಕು.

ಮಾವನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ನೋಡನೋಡುತ್ತ ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಇನ್ನೂ ಸ್ವಲ್ಪ ಕಾಣುತ್ತಿದ್ದಾಗಲೇ ಅವರು ಕಾರನ್ನು ಮನೆ ಹಿಂದಿನ ತೆಂಗಿನ ತೋಟಕ್ಕೆ ಓಡಿಸಿ, ತೊಳೆದು ಒರೆಸಿ, ಟಾರ್ಪಾಲು ಹೊದಿಸಿ ಹಗ್ಗ ಬಿಗಿದರು. ಆಮೇಲೆ ಕುಣಿಗಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುವ ಮಗಳ ಮನೆಗೆ ಹೋದರು. ಮೊದಲ ಮುಂಗಾರಿನ ಗಾಳಿಗೇ ಟಾರ್ಪಾಲು ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಮತ್ತೆ ಹೊದಿಸುವ ಪುರುಸೊತ್ತು ಯಾರಿಗೂ ಆಗಲಿಲ್ಲ, ಮಾವನಿಗೆ ಹೇಳುವ ಮನಸ್ಸೂ ಯಾರಿಗೂ ಬರಲಿಲ್ಲ.

ವರ್ಷಗಳಾದ ಮೇಲೆ ಆ ತೋಟಕ್ಕೆ ಹೋದವನು ಕಾರು ನೋಡಿ ನಿಂತುಬಿಟ್ಟೆ. ಛಾವಣಿಯ ಬಣ್ಣ ಪೂರ್ತಿ ಹೋಗಿ ಬೆಲ್ಲದ ಪಾಕದಂಥ ಕಂದು ಬಂದಿತ್ತು. ಗರಿಗಳಿಂದ ನೀರು ತೊಟ್ಟಿಕ್ಕಿದ ಕಡೆಯೆಲ್ಲ ಉದ್ದುದ್ದ ಗೆರೆ. ಗೋಡೆಯ ನೆರಳಿದ್ದ ಎಡ ಮಗ್ಗುಲಲ್ಲಿ ನೀಲಿ ಇನ್ನೂ ಉಳಿದಿತ್ತು, ಆದರೆ ಒಗೆದೊಗೆದು ತೆಳುವಾದ ಸೀರೆಯ ನೀಲಿ. ಅದರ ಅಂಚಿಗೆ ಬಣ್ಣದಡಿ ಬಳಿಯುವ ಕೆಂಪು ಪ್ರೈಮರ್, ಅದರಾಚೆ ತುಕ್ಕು. ಛಾವಣಿಯ ನಡುವೆ ತೆಂಗಿನಕಾಯಿ ಬಿದ್ದು ಆದ ಒಂದು ತಗ್ಗು. ಯಾವ ಪೇಂಟರ್ ಕೂತು ಮಾಡಿದರೂ ಹಾಗೆ ಬರುವುದಿಲ್ಲ. ದಿನವಿಡೀ ತುಕ್ಕನ್ನು ಬೈದು ಸಂಬಳ ತೆಗೆದುಕೊಳ್ಳುವ ನನಗೆ ಇದು ಚೆಂದ ಅನ್ನಿಸಿತು. ಕುಣಿಗಲ್ಲಿಗೆ ಫೋನ್ ಮಾಡಿ ಕಾರು ಕೇಳಿದೆ. ಮಾವ ಒಂದು ಕ್ಷಣವೂ ಯೋಚಿಸದೆ, ತೆಗೆದುಕೊಂಡು ಹೋಗು, ನಿಂತ ಗಾಡಿ ಹಾಳಾಗುತ್ತದೆ ಅಂದರು.

ನಾನು ಮಾಡಹೊರಟಿದ್ದು ಹಾಟ್ ರಾಡ್. ಅಂದರೆ ಹಳೆಯ ಕಾರಿನ ಮೈಯೊಳಗೆ ಬೇರೊಂದು ಬಲವಾದ ಎಂಜಿನ್ ಕೂರಿಸಿ, ಮೈಯನ್ನು ನೆಲದ ಹತ್ತಿರಕ್ಕೆ ಇಳಿಸಿ ಓಡಿಸುವುದು. ಅಮೆರಿಕದ ಹುಡುಗರ ಹಳೆಯ ಚಟ. ಮೊಬೈಲು ಬಂದ ಮೇಲೆ ನನ್ನಂಥವರಿಗೂ ಅಂಟಿದೆ. ಕಾರ್ಖಾನೆ ಪಕ್ಕದಲ್ಲೇ ನನ್ನ ಗೆಳೆಯನೊಬ್ಬನ ಟಿಂಕರಿಂಗ್ ಶೆಡ್ ಇದೆ. ನಜ್ಜುಗುಜ್ಜಾದ ಗಾಡಿಗಳ ತಗಡು ತಟ್ಟಿ ಸರಿ ಮಾಡುವುದು ಅವನ ಕಸುಬು. ಶೆಡ್ಡಿನ ಒಂದು ಮೂಲೆ ನನಗೆ ಬಿಟ್ಟುಕೊಟ್ಟ. ಅಪಘಾತವಾಗಿ ಗುಜರಿ ಸೇರಿದ್ದ ದೊಡ್ಡ ಗಾಡಿಯೊಂದರ ಡೀಸೆಲ್ ಎಂಜಿನ್ ಸಿಕ್ಕಿತು. ಅಡಿಯ ಚೌಕಟ್ಟಾದ ಚಾಸಿಗೆ ಹೊಸ ಕಬ್ಬಿಣ ಬೆಸೆದೆವು, ಜರಡಿಯಾಗಿದ್ದ ತಳದ ತಗಡು ಕಿತ್ತು ಹೊಸದು ಹಾಕಿದೆವು, ಬ್ರೇಕು, ಸ್ಟೀರಿಂಗು ಎಲ್ಲ ಬದಲಾಯಿತು. ಕಾಗದಪತ್ರಕ್ಕಾಗಿ ಆರ್‌ಟಿಓ ಕಚೇರಿ ಅಲೆದ ಕಥೆ ಬೇಡ, ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಎರಡು ವರ್ಷದ ಭಾನುವಾರಗಳು ಅದಕ್ಕೇ ಹೋದವು.

ಜಗಳ ಆಗುತ್ತಿದ್ದದ್ದೆಲ್ಲ ಹೊರಮೈ ಬಗ್ಗೆ. ತುಕ್ಕು ಕಂಡರೆ ಗೆಳೆಯನ ಕೈ ತುರಿಸುತ್ತಿತ್ತು. ಒಂದು ಭಾನುವಾರ ನಾನು ಬರುವುದು ತಡವಾದಾಗ, ಬಾಗಿಲಿನ ಮೂಲೆಗೆ ತುಂಬಲು ಪುಟ್ಟಿ ಕಲಸಿಕೊಂಡು ಕೂತಿದ್ದ. ನಾನು ಡಬ್ಬಿ ಕಿತ್ತುಕೊಂಡೆ. ‘ಏನ್ಲಾ, ಒಳಗೆ ಇಷ್ಟ್ ಚೆನ್ನಾಗ್ ಮಾಡಿ ಮೇಲೆ ಹಿಂಗೇ ಬುಟ್ರೆ, ಜನ ನನ್ ಕೆಲ್ಸಾನೇ ಸರಿ ಇಲ್ಲ ಅಂತಾರೆ’ ಎಂದು ಅವನೂ ರೇಗಿದ. ಅವನ ಕಷ್ಟ ಅವನಿಗೆ, ಶೆಡ್ಡಿಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ಕಾರನ್ನೇ. ಇಬ್ಬರೂ ಒಂದು ವಾರ ಮಾತು ಬಿಟ್ಟಿದ್ದೆವು.

ಇನ್ನೊಬ್ಬ ಮಹಾನುಭಾವ ಕಾರು ನೋಡಲು ಬಂದಿದ್ದ. ಎಡಗಡೆ ನೀಲಿ ಜಾಸ್ತಿ ಉಳಿದಿದೆ, ಉಪ್ಪುನೀರು ಸಿಂಪಡಿಸಿ ಅಲ್ಲೂ ತುಕ್ಕು ಬರಿಸಿದರೆ ಎರಡೂ ಕಡೆ ಸಮ ಆಗುತ್ತದೆ ಎಂದು ಸಲಹೆ ಕೊಟ್ಟ. ಅವನನ್ನು ಗೇಟಿನಾಚೆ ಕಳಿಸಿಯೇ ಉಸಿರು ಬಿಟ್ಟೆ. ಸುಳ್ಳು ಬಣ್ಣವಾದರೂ ವಾಸಿ, ಸುಳ್ಳು ತುಕ್ಕು ನನಗೆ ಸಹಿಸಲಾಗದು. ಬಿಸಿಲು ಬಿದ್ದ ಕಡೆ ಬಿಸಿಲಿನ ಗುರುತು, ನೆರಳು ಬಿದ್ದ ಕಡೆ ನೆರಳಿನ ಗುರುತು. ನಾವಾಗಿ ಒಂದು ಗೆರೆ ಸೇರಿಸಬಾರದು, ಒಂದು ಗೆರೆ ಅಳಿಸಬಾರದು. ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಕ್ಕೆ ಧೈರ್ಯ ಬೇಕು ಎಂದು ಗೆಳೆಯನಿಗೆ ಭಾಷಣ ಬಿಗಿಯುತ್ತಿದ್ದೆ. ಪಾಪ, ಅವನು ತಟ್ಟುತ್ತಲೇ ಕೇಳಿಸಿಕೊಳ್ಳುತ್ತಿದ್ದ.

ಆದರೆ ತುಕ್ಕನ್ನು ಹಾಗೇ ಬಿಟ್ಟರೆ ಅದು ತಿನ್ನುತ್ತಲೇ ಹೋಗುತ್ತದೆ. ಇಷ್ಟು ನನ್ನ ಹೊಟ್ಟೆಪಾಡೇ ಕಲಿಸಿದೆ. ಸೋಪು ನೀರಿನಲ್ಲಿ ಮೆತ್ತಗೆ ತೊಳೆದು, ಉದುರುವ ಪುಡಿಯನ್ನು ಬ್ರಷ್ಷಿನಿಂದ ಉದುರಿಸಿ, ಒಣಗಿಸಿ, ಮೇಲೆ ಬಣ್ಣವಿಲ್ಲದ ಲ್ಯಾಕರ್ ಹೊಡೆದೆವು. ಒಂದು ಕೋಟು ಒಣಗಿದ ಮೇಲೆ ನೀರು ಹಾಕಿಕೊಂಡು ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜುವುದು, ಮತ್ತೆ ಹೊಡೆಯುವುದು, ಮತ್ತೆ ಉಜ್ಜುವುದು. ತುಕ್ಕು ಕೊರೆದ ಸಣ್ಣ ಸಣ್ಣ ಗುಳಿಗಳೆಲ್ಲ ತುಂಬಿ, ಕೊನೆಗೆ ಕೈ ಆಡಿಸಿದರೆ ಗಾಜು ಮುಟ್ಟಿದ ಹಾಗಿತ್ತು. ಕಣ್ಣಿಗೆ ಮಾತ್ರ ಅದೇ ಕಂದು, ಅದೇ ಸವೆದ ನೀಲಿ. ನಾನು ಬಯಸಿದ್ದೂ ಅದನ್ನೇ.

ಮೊದಲ ಸವಾರಿ ಮಾವನಿಗೇ ಎಂದು ನಿಶ್ಚಯ ಮಾಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೊರಟೆ. ಕಾರು ಎಷ್ಟು ತಗ್ಗಾಗಿತ್ತೆಂದರೆ ರಸ್ತೆಯ ಪ್ರತಿ ಹಂಪಿನಲ್ಲೂ ಹೊಟ್ಟೆ ಉಜ್ಜುತ್ತಿತ್ತು. ಗೇಟಿನ ಹತ್ತಿರ ಮೊದಲು ಬಂದವಳು ಮಾವನ ಮಗಳು. ಕಾರನ್ನು ಮೇಲಿಂದ ಕೆಳಗೆ ನೋಡಿ, ‘ಭಾವ, ಬಣ್ಣಾನೇ ಹೊಡ್ಸಿಲ್ವಲ್ಲ’ ಎಂದು ಪಿಸುಮಾತಿನಲ್ಲಿ ಕೇಳಿದಳು. ನಾನು ನನ್ನ ಭಾಷಣ ಶುರು ಮಾಡುವಷ್ಟರಲ್ಲಿ ಮಾವ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

ಅವರು ಮೊದಲು ಎಂಜಿನ್ನಿಗೆ ಕಿವಿ ಕೊಟ್ಟರು. ದನಿ ಬೇರೆಯಾಗಿದೆ ಅಂದರು. ಎಂಜಿನ್ನೇ ಬೇರೆ ಎಂದು ಹೇಳಿದಾಗ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಹಳೆಯದು ಸವೆದಿತ್ತು, ಒಳ್ಳೆಯದೇ ಮಾಡಿದೆ ಅಂದರು. ಆಮೇಲೆ ಮುಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅಂಗೈ ನಿಧಾನವಾಗಿ ಗಾಜಿನವರೆಗೆ ಹೋಗಿ, ಪಕ್ಕಕ್ಕೆ ಇಳಿದು, ತಿರುಗಿ ಬಂತು. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

‘ಎಷ್ಟ್ ನುಣ್ಣಗೈತ್ಲಾ,’ ಅಂದರು. ಇನ್ನೊಂದು ಸಲ ಕೈ ಆಡಿಸಿ, ‘ಅದೇ ನೀಲೀನೇ ಹೊಡ್ಸಿದೀಯಾ?’ ಎಂದು ಕೇಳಿದರು.

ಅವರ ಕೈ ಇದ್ದದ್ದು ಅಂಗೈ ಅಗಲದ ತುಕ್ಕಿನ ಮೇಲೆ. ಆಗ ನನಗೆ ಹೊಳೆಯಿತು. ಮಾವ ಆ ಕಾರನ್ನು ತುಕ್ಕು ಹಿಡಿದ ಸ್ಥಿತಿಯಲ್ಲಿ ನೋಡಿದ್ದೇ ಇಲ್ಲ. ಅವರು ಕೊನೆಗೆ ನೋಡಿದ್ದು ತೊಳೆದು ಒರೆಸಿ ಹೊದಿಸಿದ ನೀಲಿಯನ್ನು. ನಾನು ಅಷ್ಟು ಜೋಪಾನವಾಗಿ ಉಳಿಸಿದ್ದು ಅವರು ಓಡಿಸಿದ ಕಾರನ್ನಲ್ಲ, ಅವರ ಕೈಲಾಗದೆ ನಿಂತ ಕಾರನ್ನು. ನನಗೆ ಚೆಂದ ಕಂಡ ಒಂದೊಂದು ಗೆರೆಯೂ ಅವರು ಒರೆಸಲಾಗದೆ ಹೋದ ಒಂದೊಂದು ಬೆಳಿಗ್ಗೆ. ಆ ನೀಲಿ ಈಗ ಅವರ ತಲೆಯೊಳಗೆ ಬಿಟ್ಟರೆ ಈ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ನಾನು ನಿಜ ಹೇಳಿಬಿಟ್ಟರೆ ಅಲ್ಲಿಗೂ ತುಕ್ಕು ಹತ್ತುತ್ತಿತ್ತು.

‘ಹೂ ಮಾವ. ಅದೇ ನೀಲಿ,’ ಅಂದೆ.

ಮಾವನ ಮಗಳು ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ತೋರಿಸಲೆಂದು ಬಳಿದ ಲ್ಯಾಕರೇ ನನ್ನ ಸುಳ್ಳಿಗೆ ಸಾಕ್ಷಿ ನಿಂತಿತ್ತು. ನಾಚಿಕೆಯಾಯಿತು, ನಿಜ. ಆದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಎಂದು ಒಂದು ಕ್ಷಣಕ್ಕೂ ಅನ್ನಿಸಲಿಲ್ಲ.

ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋಗಿ ಬಂದೆ. ಬೀದಿಯಲ್ಲಿ ಜನ ನಿಂತು ನೋಡಿದರು. ಹುಡುಗರು ಮೊಬೈಲು ಹಿಡಿದು ಹಿಂದೆ ಬಂದರು, ಟೀ ಅಂಗಡಿಯ ಮುಂದೆ ಯಾರೋ ಜೋರಾಗಿ ನಕ್ಕರು. ಮಾವ ಕಿಟಕಿಯ ಮೇಲೆ ಮೊಣಕೈ ಊರಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಲ್ಲರೂ ನೋಡುತ್ತಿದ್ದಾರಾ ಎಂದು ಕೇಳಿದರು. ನೋಡುತ್ತಿದ್ದಾರೆ ಮಾವ ಅಂದೆ, ಅಷ್ಟಂತೂ ನಿಜವಾಗಿತ್ತು. ಅವರು ಯಾರಿಗೆಂದಿಲ್ಲದೆ ಕೈ ಎತ್ತಿದರು.

ಊಟ ಮಾಡಿ ಹೊರಡುವಾಗ ಅವರು ಗೇಟಿನ ತನಕ ಬಂದರು. ‘ನೇರ ತುಮಕೂರ್ಗೆ ಹೋಗ್ಬ್ಯಾಡ ಕಣ್ಲಾ, ಗುಬ್ಬಿ ಮ್ಯಾಲೆ ಹೋಗು. ಕಾರ್ ಸ್ಟ್ಯಾಂಡ್ ತಾವ ಒಂದ್ಗಳಿಗೆ ನಿಲ್ಸು. ಅವ್ನು ನೋಡ್ಲಿ,’ ಅಂದರು. ಅವನು ಅಂದರೆ ಅವರ ಜೊತೆ ಅಲ್ಲೇ ಕಾರು ನಿಲ್ಲಿಸುತ್ತಿದ್ದ ಹಳೆಯ ಡ್ರೈವರ್. ಈಗಲೂ ದಿನಾ ಸ್ಟ್ಯಾಂಡಿಗೆ ಬಂದು ಕೂರುತ್ತಾರೆ, ಮಾವನ ಜೊತೆ ಫೋನಿನಲ್ಲಿ ಮಾತಾಡದ ದಿನವಿಲ್ಲ. ನನ್ನ ಸುಳ್ಳಿನ ಆಯಸ್ಸು ಗುಬ್ಬಿಯವರೆಗೆ ಮಾತ್ರ ಎಂದು ಗೊತ್ತಾಗಿಹೋಯಿತು.

ಗುಬ್ಬಿಗೆ ಹೋಗದೆ ಇದ್ದುಬಿಡಬಹುದಿತ್ತು. ಆದರೆ ಸಂಜೆ ಮಾವ ಆ ಮನುಷ್ಯನನ್ನು ಕೇಳೇ ಕೇಳುತ್ತಿದ್ದರು, ಆಗ ಇನ್ನೊಂದು ಸುಳ್ಳು ಹುಡುಕಬೇಕಿತ್ತು. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಹೋದೆ. ಸ್ಟ್ಯಾಂಡಿನಲ್ಲಿ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಕಾರನ್ನು ದೂರದಿಂದಲೇ ಗುರುತು ಹಿಡಿದು ಎದ್ದರು. ಹತ್ತಿರ ಬರುತ್ತ ಬರುತ್ತ ಅವರ ನಡಿಗೆ ನಿಧಾನವಾಯಿತು. ಒಂದು ಸುತ್ತು ಬಂದರು. ಛಾವಣಿಯ ತಗ್ಗಿನೊಳಗೆ ಬೆರಳಿಟ್ಟರು.

ನಾನು ಏನನ್ನೂ ಮುಚ್ಚಿಡಲಿಲ್ಲ. ಬೇಕೆಂದೇ ಹೀಗೆ ಇಟ್ಟಿದ್ದೇನೆ ಅಂದೆ, ಕುಣಿಗಲ್ಲಿನಲ್ಲಿ ಮಾವನಿಗೆ ಏನು ಹೇಳಿದೆ ಎನ್ನುವುದನ್ನೂ ಹೇಳಿದೆ. ಅವರಿಗೆ ಕೆಂಡದಂಥ ಕೋಪ ಬಂತು. ನಿನ್ನ ಮಾವ ಈ ಬಣ್ಣದ ಮೇಲೆ ನೊಣ ಕೂರಲು ಬಿಡುತ್ತಿರಲಿಲ್ಲ, ನೀವೆಲ್ಲ ಸೇರಿ ಬಿಸಿಲಿಗೆ ಮಳೆಗೆ ಬಿಟ್ಟು ಈಗ ಇದನ್ನೇ ಚೆಂದ ಅನ್ನುತ್ತೀರಾ ಎಂದು ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಬೈದರು. ಯಾರ ಮಾತನ್ನೂ ತಡೆದುಕೊಳ್ಳದ ನಾನು ಅವತ್ತು ತಲೆ ತಗ್ಗಿಸಿ ಬೈಸಿಕೊಂಡೆ.

ಬೈಯುತ್ತಿದ್ದ ಹಾಗೇ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೊರಗೆ ತೆಗೆದು ನೋಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಾವನೇ. ತಡೆಯಲಾಗದೆ ಅವರೇ ಮಾಡಿದ್ದರು. ಆ ಮನುಷ್ಯ ಫೋನ್ ಕಿವಿಗೆ ಹಿಡಿದು, ಎಲೆ ಅಡಿಕೆ ಉಗಿದು, ಗಂಟಲು ಸರಿ ಮಾಡಿಕೊಂಡರು.

‘ಹೂ ಕಣ್ಲಾ, ಬಂದವ್ನೆ. ನನ್ ಮುಂದೇನೇ ನಿಂತೈತೆ,’ ಅಂದರು. ಆ ಕಡೆಯ ಮಾತು ಕೇಳುತ್ತ ಬಾನೆಟ್ಟಿನ ಕಂದು ಬಣ್ಣವನ್ನೇ ನೋಡುತ್ತ ನಿಂತರು.

‘ಹೆಂಗೈತೆ ಅಂತ ಕೇಳ್ತೀಯಲ್ಲ. ಈ ಬಿಸ್ಲಿಗೆ ನಿನ್ ಗಾಡಿ ಮುಂದೆ ಕಣ್ ಬುಡಕ್ಕಾಗ್ತಿಲ್ಲ ಕಣ್ಲಾ.’

ಫೋನನ್ನು ಜೇಬಿಗೆ ಹಾಕಿಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕುರ್ಚಿಯನ್ನು ಆ ಕಡೆ ತಿರುಗಿಸಿ, ಕಾರಿಗೆ ಬೆನ್ನು ಹಾಕಿ ಕೂತರು.

‘ತಗೊಂಡೋಗು ಇನ್ನು,’ ಅಂದರು.