ಇದ್ದಿಲು ಬಸ್ಸು ತಳ್ಳಿದ ದಿನ

ಹಾಸನದ ಬಸ್ ನಿಲ್ದಾಣದ ಹತ್ತಿರ ಜೋಳದ ತೆನೆ ಸುಡುವವಳು ಬೀಸಣಿಗೆ ಬೀಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಾಪ, ಅವಳ ತಪ್ಪೇನಿಲ್ಲ. ಇದ್ದಿಲ ಹೊಗೆ ಮೂಗಿಗೆ ಬಡಿದರೆ ಸಾಕು, ನಾನು ಇಪ್ಪತ್ತೆರಡರ ಮುಂಗೋಪಿ ಉಪಾಧ್ಯಾಯಿನಿಯಾಗಿಬಿಡುತ್ತೇನೆ. ಯುದ್ಧಕಾಲದ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀವು ಹತ್ತಿಲ್ಲವಾದರೆ ಕೇಳಿ: ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ಮರ್ಯಾದೆಯ ಮಾತು.

ಆಗ ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ಉಪಾಧ್ಯಾಯಿನಿ. ದಸರಾ ಕಳೆದ ಮೇಲೆ ಒಂದು ಸೋಮವಾರ, ಹನ್ನೊಂದು ಗಂಟೆಗೆ, ಹಾಸನದಲ್ಲಿ ಶಾಲಾ ಇನ್ಸ್‌ಪೆಕ್ಟರ ಮುಂದೆ ಹಾಜರಾಗಬೇಕೆಂದು ಕಾಗದ ಬಂತು. ಹಾಜರಾದರೆ ಕೆಲಸ ಖಾಯಂ, ತಪ್ಪಿದರೆ ಮನೆಗೆ. ಮನೆಯೆಂದರೆ ಅರಕಲಗೂಡಿನ ಅಣ್ಣನ ಮನೆ. ಅಲ್ಲಿ ಅತ್ತಿಗೆ, ಹೆಂಡತಿ ಸತ್ತ ನಲವತ್ತರ ಗಂಡೊಂದನ್ನು ನನಗಾಗಿ ಗೊತ್ತುಮಾಡಿಕೊಂಡು ಕಾಯುತ್ತಿದ್ದರು.

ಬೆಳಗಿನ ರೈಲಿಗೆ ಹೋಗೋಣವೆಂದರೆ, ವರ್ಷವೆಲ್ಲ ತಡವಾಗಿ ಬರುವ ಆ ರೈಲು ಅಂದು ಹೊತ್ತಿಗೆ ಸರಿಯಾಗಿ ಬಂದು ಹೋಗಿಬಿಟ್ಟಿತ್ತು. ಬಸ್ಸಿಗೆ ಓಡಿಬಂದೆ. ಕಂಡಕ್ಟರ್ ಒಲೆಗೆ ಗಾಳಿ ಹಾಕುವ ಚಕ್ರವನ್ನು ತಿರುಗಿಸುತ್ತಲೇ ಇದ್ದ.

“ಇನ್ನೆಷ್ಟು ಹೊತ್ತಪ್ಪಾ?”

“ಒಲೆ ಕಾಯ್ಲಿ ತಡೀರಮ್ಮ. ನಿಮ್ಮನೇಲಿ ಒಲೆ ಅಚ್ಚಿದ್ ತಕ್ಷಣ ಅನ್ನ ಆಯ್ತದಾ?”

ಎಂಟು ಹೊಡೆದ ಮೇಲೆ ಹೊರಟಿತು. ಎರಡು ಬದಿಗೂ ಹುಚ್ಚೆಳ್ಳಿನ ಹೊಲಗಳು ಹಳದಿಯಾಗಿ ಹೂ ಬಿಟ್ಟಿದ್ದವು. ನೋಡುವ ಮನಸ್ಸು ಯಾರಿಗಿತ್ತು? ಎರಡು ಮೈಲಿಗೊಮ್ಮೆ ಎಂಜಿನ್ ಕುದಿಯುವುದು, ಬಸ್ಸು ನಿಲ್ಲುವುದು. ಆಗೆಲ್ಲ ತಿಮ್ಮೇಗೌಡರೆಂಬ ಹಿರಿಯ ರೈತರೊಬ್ಬರು ತಾವಾಗಿಯೇ ಇಳಿದು, ಡಬ್ಬ ಹಿಡಿದು ಹೊಲದ ಬಾವಿಯಿಂದ ನೀರು ತರುವರು. ಅವಸರವೆಂಬುದೇ ಇಲ್ಲದ ನಡಿಗೆ. ಮೂರನೆಯ ಸಲ ನನಗೆ ತಡೆಯಲಾಗಲಿಲ್ಲ.

“ಈ ಯಜಮಾನರಿಗೆ ಹೊಲ ಸುತ್ತೋದು ಬಿಟ್ಟು ಬೇರೆ ಕೆಲಸ ಇದ್ದ ಹಾಗಿಲ್ಲ!”

ಅವರಿಗೆ ಕೇಳಿಸಿತು. ನಕ್ಕು, ತುಂಬಿದ ಡಬ್ಬವನ್ನು ಕಂಡಕ್ಟರನ ಕೈಗೆ ಕೊಟ್ಟರು.

ಮೊಸಳೆ ಎಂಬ ಊರಿನ ಹತ್ತಿರ ಏರಿನಲ್ಲಿ ಬಸ್ಸು ನಿಂತಿತು. ನಿಂತದ್ದು ಹಿಂದಕ್ಕೂ ಜಾರಿತು. ಗಂಡಸರೆಲ್ಲ ಇಳಿದರು. ನಾನೂ ಸೆರಗು ಸಿಕ್ಕಿಸಿ ಇಳಿದೆ.

“ಎಂಗಸ್ರು ಒಳಗೇ ಕೂತ್ಕಳಿ” ಎಂದ ಕಂಡಕ್ಟರ್.

“ಕೂತರೆ ಬಸ್ಸಿಗೆ ನಾನೊಂದು ಭಾರ. ಅತ್ತ ಸರಿಯಪ್ಪ!”

ತಿಮ್ಮೇಗೌಡರು ಜಾಗ ಬಿಟ್ಟರು. “ಬಾರವ್ವ, ನನ್ ಪಕ್ಕ ನಿಂತ್ಕ. ಒಲೆ ತಾವ ಓಗ್ಬ್ಯಾಡ, ಸುಟ್ಟಾತು.”

ಅಂಥ ಏರುಗಳು ಮೂರು. ಹಾಸನ ತಲುಪಿದಾಗ ಹನ್ನೆರಡೂವರೆ. ಜಟಕಾದವನು ಇನ್ನೂ ಮೂವರು ಸಿಗದೆ ಕುದುರೆ ಬಿಡುವುದಿಲ್ಲವೆಂದ. ಅವನನ್ನೂ ಅವನ ಕುದುರೆಯನ್ನೂ ಬೈದು, ಮಸಿ ಮೆತ್ತಿದ ಮುಖದಲ್ಲೇ ಕಚೇರಿಗೆ ಓಡಿದೆ. ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಸಾಯೇಬ್ರು ಚನ್ನರಾಯಪಟ್ಟಣದಿಂದ ಬೆಳಿಗ್ಗೇನೇ ಬರ್ಬೇಕಿತ್ತು. ಬಸ್ ಬಂದಿಲ್ಲ.”

ಮೂರು ಗಂಟೆಗೆ ಸಾಹೇಬರು ಬಂದರು. ಜರಿಪೇಟ ಓರೆಯಾಗಿತ್ತು, ಮೂಗಿನ ಮೇಲೆ ಮಸಿ. ನನ್ನನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು.

“ನೀವೂ ತಳ್ಳಿದಿರೇನಮ್ಮ?”

“ಮೂರು ಏರು, ಸಾರ್.”

“ನಮ್ಮದು ಐದು” ಎಂದು ಕುರ್ಚಿಯಲ್ಲಿ ಕುಸಿದು ಕೂತು, ಎರಡೇ ಪ್ರಶ್ನೆ ಕೇಳಿ ರುಜು ಹಾಕಿದರು.

ಸಂಜೆ ಬಸ್ಸಿಗೆ ಬಂದರೆ ತಿಮ್ಮೇಗೌಡರು ಮರದಡಿ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. “ಏನವ್ವ, ಆಯ್ತಾ ನಿನ್ ಕೆಲ್ಸ?” ಎಂದರು. ನಾನು ಸಾಹೇಬರ ಮಸಿ ಮೂಗಿನವರೆಗೆ ಎಲ್ಲ ಹೇಳಿ ನಕ್ಕೆ. ಅವರೂ ನಕ್ಕರು. ಆಮೇಲೆ, ಬಹಳ ತಡವಾಗಿ, ಕೇಳಬೇಕೆಂದು ನೆನಪಾಯಿತು.

“ನೀವು ಯಾತಕ್ಕೆ ಬಂದಿದ್ದಿರಿ?”

“ಕೋರ್ಟಲ್ಲಿ ಬಾವಿ ದಾವಾ ಇತ್ತು ಕಣವ್ವ, ಆರು ವರ್ಸದ್ದು. ಅನ್ನೊಂದ್ ಗಂಟೆಗೇ ಎಸ್ರು ಕೂಗುದ್ರಂತೆ. ನಾನಿರ್ನಿಲ್ಲ. ವಜಾ ಆಗೋಯ್ತು.”

ಅವರೇ ಮುಂದುವರಿಸಿದರು: “ನಿಮ್ ಸಾಯೇಬ್ರು ಬಸ್ಸಲ್ ಬಂದ್ರು. ನಮ್ ಜಡ್ಜು ಮನೆ ಕೋರ್ಟ್ ಇಂದ್ಗಡೇನೇ ಐತೆ.”

ಬೆಳಿಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಅವರು ಪುರಿಯ ಪೊಟ್ಟಣ ಚಾಚಿದರು. “ತಿನ್ನವ್ವ. ವಾಪಸ್ ಓಗ್ತಾನೂ ತಳ್ಬೇಕಲ್ಲ.”

ಇವತ್ತು ಸಿಟಿ ಬಸ್ಸು ಇಪ್ಪತ್ತು ನಿಮಿಷ ತಡ. ಎಲ್ಲರೊಂದಿಗೆ ನಾನೂ ಗೊಣಗಿಕೊಂಡೇ ಹತ್ತಿದೆ. ಇನ್ನೇನು ಹೊರಡಬೇಕು, ದೂರದಿಂದ ಒಬ್ಬ ಚೀಲ ಹಿಡಿದು ಓಡಿಬರುತ್ತಿದ್ದ. “ನಿಲ್ಸಪ್ಪಾ!” ಎಂದು ಕೂಗಿದೆ. ಮುಂದಿನ ಸೀಟಿನ ಹುಡುಗಿ ಗಡಿಯಾರ ನೋಡಿಕೊಂಡು ನನ್ನತ್ತ ತಿರುಗಿದಳು.

“ಏನಜ್ಜಿ ನೀವು, ಕಾಲೇಜಿಗೆ ಲೇಟಾಯ್ತದೆ!”

ಅವಳ ಸಿಟ್ಟು ನ್ಯಾಯವಾದದ್ದೇ. ಆ ಮನುಷ್ಯ ಏದುಸಿರು ಬಿಡುತ್ತ ಹತ್ತಿದ. ನಾನು ಸರಿದು ಕೂತು, ಎಲ್ಲಿಗೆ ಹೊರಟಿರಿ, ಏನು ಕೆಲಸ ಎಂದು ಈ ಸಲ ಮೊದಲೇ ಕೇಳಿದೆ.