ಅಪ್ಪನ ಗೋಡೆಯಲ್ಲೊಂದು ಕಿಟಕಿ

ಲಕ್ವ ಹೊಡೆದ ಮೇಲೆ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದವರು ಈ ಕಡೆ ತಿರುಗಲೇ ಇಲ್ಲ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ತರಕಾರಿ ಮಾರಿದ ಮನುಷ್ಯ, ನೀರು ಬೇಕೆಂದೂ ಸನ್ನೆ ಮಾಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಅಪ್ಪ ಉಳಿಯುವುದಿಲ್ಲ ಎಂದು ನನಗೆ ದಿಗಿಲಾಗಿತ್ತು.

ತೊಂಬತ್ತರ ದಶಕದ ಕೊನೆ. ಆಫೀಸಿನ ಹಳೆಯ ಪತ್ರಿಕೆಯೊಂದರಲ್ಲಿ ಜಪಾನಿನ ಮನೆಯ ಚಿತ್ರ ಕಂಡಿತು. ನೆಲದ ಮೇಲೆ ಕೂತವರ ಮುಂದೆ ಅಗಲ ಕಿಟಕಿ, ಆಚೆ ಕಲ್ಲು, ಪಾಚಿ, ಜಲ್ಲಿ. ನಮ್ಮ ಜೋಗುಪಾಳ್ಯದ ಮನೆಯ ಹಿಂದೆ ಇದ್ದದ್ದು ಮೂರಡಿಯ ಸಂದಿ, ಒಡೆದ ಬಕೆಟ್ಟು, ಪಕ್ಕದವರ ಟ್ಯಾಂಕು ಸೋರಿ ಪಾಚಿಗಟ್ಟಿದ ಕಾಂಪೌಂಡು ಗೋಡೆ. ಅಪ್ಪ ತಿರುಗದಿದ್ದರೆ ಬೇಡ, ಅವರು ನೋಡುವ ಗೋಡೆಯನ್ನೇ ಒಡೆಸೋಣ ಎಂದು ಪಟ್ಟು ಹಿಡಿದೆ.

ರಾಮಮೂರ್ತಿ ನಗರದಿಂದ ಬಂದ ಮೇಸ್ತ್ರಿ ರಾಯಚೂರಿನ ಕಡೆಯವರು. ಚಿತ್ರ ನೋಡಿ ನಕ್ಕರು. "ಕಲ್ಲು ನೋಡ್ಕೋತ ಕುಂದರ್ತಾರೇನ್ರಿ? ನಮ್ಮೂರಿಗೆ ಬರ್ರಿ ಅನ್ರಿ, ಬರೇ ಕಲ್ಲ ಅದಾವ."

ನಾನು ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ತೋರಿಸಿದೆ.

"ಯಕ್ಕಾ, ಇದು ಯಾರು ನೋಡಾಕ?"

"ಅಪ್ಪ. ನಾನೇ ಕೂತ್ಕೊಂಡು ಅಳತೆ ತಗೊಂಡಿದೀನಿ, ಹೇಳಿದಷ್ಟು ಮಾಡ್ರೀ," ಎಂದು ಸಿಡುಕಿದೆ.

ಅವರು ಹೆಗಲ ಟವೆಲ್ ಹಾಸಿ ಅಪ್ಪನ ಚಾಪೆಯ ಪಕ್ಕ ಮಲಗಿಯೇಬಿಟ್ಟರು. ಒಂದು ಕಣ್ಣು ಮುಚ್ಚಿ ನೋಡಿ, "ಮಲಗಿದವರಿಗೆ ಅಲ್ಲಿ ಬರೇ ಕರೆಂಟಿನ ತಂತಿ ಕಾಣ್ತಾವ್ರಿ. ಇನ್ನೂ ಕೆಳಗ ಒಡೀಬೇಕು," ಎಂದರು.

ತಿಂಗಳುಗಟ್ಟಲೆ ಅನ್ನ ಕಲಸಿ ತಿನ್ನಿಸಿದ ನಾನು ಒಮ್ಮೆಯೂ ಅಲ್ಲಿ ಮಲಗಿ ನೋಡಿರಲಿಲ್ಲ.

ಅಪ್ಪನನ್ನು ಮುಂದಿನ ಕೋಣೆಗೆ ಸಾಗಿಸಿ ಕೆಲಸ ಶುರು ಮಾಡಿದರು. ನೆಲದಿಂದ ಒಂದು ಗೇಣು ಬಿಟ್ಟು ಕಿಟಕಿ ಬಂತು. ಸಂದಿಯಲ್ಲಿ ಜಲ್ಲಿ ಹರಡಿ ಮೂರು ಕಲ್ಲು ನೆಟ್ಟರು. ಪ್ರತಿ ಕಲ್ಲಿಗೂ ಒಳಗೆ ಬಂದು ಅಪ್ಪನ ಜಾಗದಲ್ಲಿ ಮಲಗಿ ನೋಡುವುದು, ಎದ್ದುಹೋಗಿ ಇನ್ನಷ್ಟು ಹೂಳುವುದು. "ಕಲ್ಲು ಹುಟ್ಟಿದಂಗ ಇರಬೇಕ್ರಿ, ಇಟ್ಟಂಗ ಕಾಣಬಾರ್ದು," ಎನ್ನುತ್ತಿದ್ದರು. ಮುಗಿದ ದಿನ ನಾನೂ ಮಲಗಿ ನೋಡಿದೆ. ನಾನು ವರ್ಷಗಳಿಂದ ಬೈದುಕೊಂಡಿದ್ದ ಪಾಚಿ ಗೋಡೆ ಕಲ್ಲುಗಳ ಹಿಂದೆ ದೂರದ ಗುಡ್ಡದಂತೆ ನಿಂತಿತ್ತು.

ಅಪ್ಪನನ್ನು ತಂದು ಮಲಗಿಸಿದೆವು. ಕಣ್ಣು ಮುಚ್ಚಿಯೇ ಇದ್ದರು. ನಾನು ಎದುರಿಗೆ ಮಂಡಿಯೂರಿ, "ಒಂದ್ಸಲ ಕಣ್ಬಿಡಪ್ಪಾ," ಎಂದು ಗೋಗರೆದೆ. ತುಂಬಾ ಹೊತ್ತಿನ ಮೇಲೆ ಬಿಟ್ಟರು. ನನ್ನನ್ನು ನೋಡಿದರು. ಆಮೇಲೆ ಸ್ವಾಧೀನವಿದ್ದ ಬಲಗೈ ಮೆಲ್ಲಗೆ ಎತ್ತಿ, ಅಡ್ಡ ಕೂತಿದ್ದೀಯ, ಆಚೆ ಸರಿ ಎಂದು ಸನ್ನೆ ಮಾಡಿದರು.